ತುದಿ ಸುಡದ ಎಲೆ

ಓನರಮ್ಮನ ಬಲಗೈ ಹೆಬ್ಬೆರಳಿಗೆ ಮಾತ್ರ ಉಗುರಿತ್ತು. ಮಿಕ್ಕ ಬೆರಳುಗಳದ್ದನ್ನು ಅವರು ಚರ್ಮಕ್ಕೆ ತಾಗುವ ಹಾಗೆ ಕತ್ತರಿಸಿಕೊಳ್ಳುತ್ತಿದ್ದರು. ಆ ಒಂದು ಉಗುರು ಮಾತ್ರ ಉದ್ದಕ್ಕೆ, ದಪ್ಪಕ್ಕೆ ಬೆಳೆದು, ತುದಿ ಸ್ವಲ್ಪ ಬಾಗಿ, ಹಳೆಯ ಕೊಂಬಿನ ಬಣ್ಣಕ್ಕೆ ತಿರುಗಿತ್ತು. ನಾನು ಆಸ್ಪತ್ರೆಯ ವಾರ್ಡಿನಲ್ಲಿ ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು. ಕೆಲಸಕ್ಕೆ ಹೊಸದಾಗಿ ಬಂದ ಹುಡುಗಿಯರ ಕೈಯನ್ನು ಮೊದಲು ನೋಡಿ, ಮುಖವನ್ನು ಆಮೇಲೆ ನೋಡುತ್ತಿದ್ದವಳು. ಮನೆ ಬಾಡಿಗೆಗೆ ಕೇಳಲು ಅಬ್ಬಿಗೆರೆಗೆ ಹೋದ ದಿನ ನನ್ನ ಕಣ್ಣು ಆ ಉಗುರಿನ ಮೇಲೆಯೇ ನಿಂತಿತು. ಅದು ಅವರಿಗೂ ಗೊತ್ತಾಯಿತು.

"ಎಲೆ ಕೀಳೋ ಉಗುರು ಕಣ್ರಮ್ಮ. ತೋಟ ಓಯ್ತು, ಉಗುರು ಉಳ್ಕಂತು," ಅಂದರು.

ನಾವು ನಿಂತಿದ್ದ ಜಾಗವೇ ಆ ತೋಟ. ಕೆರೆಯ ಕೆಳಗಿನ ವೀಳ್ಯದೆಲೆ ತೋಟ. ಯಜಮಾನರು ಹೋದ ಮೇಲೆ ತೋಟ ಲೇಔಟ್ ಆಯಿತು. ಒಂದು ಸೈಟು ಉಳಿಸಿಕೊಂಡು ಮೂರು ಅಂತಸ್ತಿನ ಮನೆ ಕಟ್ಟಿಸಿದ್ದರು. ಕೆಳಗೆ ಅವರು, ಮಗ, ಸೊಸೆ, ಮೊಮ್ಮಗಳು. ಮಧ್ಯದ ಅಂತಸ್ತಿಗೆ ನಾನು ಬಂದೆ. ಮೇಲಿನದು ಆಗಾಗ ಖಾಲಿಯಾಗುತ್ತಿತ್ತು, ಆಗಾಗ ತುಂಬುತ್ತಿತ್ತು. ಜೆಸಿಬಿ ಬರುವ ಹಿಂದಿನ ದಿನ ಅವರು ಒಂದು ಬಳ್ಳಿಯ ಕುಡಿಯನ್ನು ಗಣ್ಣಿನ ಸಮೇತ ಕತ್ತರಿಸಿ, ಒಡಕು ಬಿಂದಿಗೆಯಲ್ಲಿ ಊರಿಕೊಂಡಿದ್ದರಂತೆ. ನಾನು ಬರುವ ಹೊತ್ತಿಗೆ ಅದು ದೊಡ್ಡ ಕುಂಡ ಸೇರಿ, ಮನೆಯ ಪಕ್ಕದ ಓಣಿಯಲ್ಲಿ ಗೋಡೆ ಹಿಡಿದು ಹಬ್ಬಿತ್ತು.

ಆ ಬಳ್ಳಿಯ ಹತ್ತಿರ ಯಾರೂ ಸುಮ್ಮನೆ ಹೋಗುವ ಹಾಗಿರಲಿಲ್ಲ. ಓಣಿಯ ಬಾಯಲ್ಲಿ ಒಂದು ನಲ್ಲಿ, ನಲ್ಲಿಯ ಕೆಳಗೆ ಒಂದು ಹಿತ್ತಾಳೆ ಚೊಂಬು. ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು ಒಳಗೆ ಹೋಗಬೇಕು. ಎಲೆತೋಟ ಎಂದರೆ ಗುಡಿ ಇದ್ದ ಹಾಗೆ, ಲಕ್ಷ್ಮಿ ಇರುವ ಜಾಗ. ತೋಟವಿದ್ದಾಗ ಇದ್ದ ಕಟ್ಟಳೆ ಕುಂಡಕ್ಕೂ ಬಂದಿತ್ತು. ಮೀಟರ್ ಓದಲು ಬಂದವನಿಗೂ ಬಿಡುಗಡೆ ಇರಲಿಲ್ಲ. ನಾನು ಮೊದಲ ದಿನವೇ ಎರಡು ಮಾತಾಡದೆ ಕಾಲು ತೊಳೆದದ್ದು ಅವರಿಗೆ ಹಿಡಿಸಿತು.

"ನೀವು ಕೈ ತೊಳ್ಯೋ ಜಾತಿ, ನಾವು ಕಾಲು ತೊಳ್ಯೋ ಜಾತಿ. ಒಂದಾಗ್ತದೆ ಬಿಡಿ ಸಿಸ್ಟರಮ್ಮ," ಅಂದರು.

ಒಂದಾಯಿತು. ನಾನು ಐದಕ್ಕೆ ಏಳುವವಳು, ಅವರು ಅದಕ್ಕೂ ಮೊದಲೇ ಎದ್ದಿರುವವರು. ನಾನು ಹಾಲು ತರಲು ಇಳಿದಾಗ ಅವರು ಎಲೆಯ ತುದಿಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ ನೋಡುತ್ತಿರುತ್ತಿದ್ದರು. ಶುಭಕ್ಕೆ ಕೊಡುವ ಎಲೆಗೆ ತುದಿ ಇರಬೇಕು. ಮುರಿದದ್ದು, ಒಣಗಿದ್ದು, ಕಂದಿದ್ದು ಬಾಯಿಗೆ ಹಾಕಿಕೊಳ್ಳಲು ಆದೀತೇ ಹೊರತು ತಟ್ಟೆಗೆ ಆಗದು. ಇದು ಅವರು ಯಾರಿಗೂ ರಿಯಾಯಿತಿ ಕೊಡದ ನಿಯಮ. ನಿಯಮ ಇಟ್ಟುಕೊಂಡವರನ್ನು ಕಂಡರೆ ನನಗೆ ಗೌರವ. ಅದು ಯಾವ ನಿಯಮ ಎಂದು ನಾನು ಹೆಚ್ಚು ವಿಚಾರಿಸುವುದಿಲ್ಲ.

ಅವರಿಗೊಬ್ಬಳು ಮಗಳಿದ್ದಾಳೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಮಗನಿಗಿಂತ ಚಿಕ್ಕವಳು, ಮದುವೆಯಾಗಿ ಅಲ್ಲಾಳಸಂದ್ರದಲ್ಲಿ ಇರುವವಳು. ತೋಟ ಮಾರುವಾಗ ಅವಳ ಸಹಿಯೂ ಬೇಕಾಗಿತ್ತು. ಮಾರುವುದು ಬೇಡವೆಂದು ಅವಳು ಅತ್ತಳಂತೆ. ಅಣ್ಣ ಒತ್ತಾಯಿಸಿದ. ತಾಯಿ ಸುಮ್ಮನಿದ್ದರು. ಅವಳು ಸಹಿ ಹಾಕಿ, ಬಾಗಿಲಲ್ಲಿ ತಿರುಗಿ ನಿಂತು ಒಂದೇ ಮಾತು ಹೇಳಿ ಹೋದಳು. ಅದನ್ನು ಓನರಮ್ಮ ನನಗೆ ಹೇಳುವಾಗ ಮಗಳ ದನಿಯಲ್ಲೇ ಹೇಳಿದರು: "ತೋಟಾನೇ ಇಲ್ದಿದ್ ಮೇಲೆ ಇನ್ ಯಾವ ಎಲೆ ಕೊಟ್ಟು ನನ್ನ ಕರೀತೀಯವ್ವ?"

ಅವರಲ್ಲಿ ಮನೆಮಗಳನ್ನು ಕಾರ್ಯಕ್ಕೆ ಕರೆಯುವುದು ತಾಯಿಯೇ ಹೋಗಿ, ತಟ್ಟೆಯಲ್ಲಿ ಎಲೆ ಅಡಿಕೆ ಕೊಟ್ಟು. ಅವಳು ಎಲೆ ಇಸಿದುಕೊಂಡರೆ ಬರುತ್ತೇನೆಂದು ಅರ್ಥ. ಮಗಳು ಕೇಳಿದ್ದು ಸಿಟ್ಟಿನ ಮಾತು, ಉತ್ತರ ಬೇಡುವ ಮಾತಲ್ಲ. ಆದರೆ ತಾಯಿ ಅದಕ್ಕೆ ಉತ್ತರ ಬೆಳೆಸುತ್ತಾ ಕುಳಿತಿದ್ದರು.

"ಮಳೆಗಾಲದಲ್ಲಿ ಗೋಡೆ ತುಂಬ ಎಲೆ ಇರುತ್ತಲ್ಲ, ಆಗಲೇ ಹೋಗಿ ಕರೆಯಬಹುದಿತ್ತು," ಎಂದೆ.

"ಏನೂಂತ ಕರೀಲಿ? ಸುಮ್ಕೆ ಎಲೆ ಇಡ್ಕೊಂಡ್ ಓದ್ರೆ ಭಿಕ್ಷೆ ಬೇಡ್ದಂಗಾಗ್ತದೆ. ಕಾರ್ಯ ಒಂದು ಬರ್ಲಿ."

ಕಾರ್ಯ ಬಂತು. ಮೊಮ್ಮಗಳಿಗೆ ಗಂಡು ಗೊತ್ತಾಯಿತು. ಮಾಘದಲ್ಲಿ ಮದುವೆ. ಸೋದರತ್ತೆ ಕಳಸ ಹಿಡಿಯಬೇಕು. ಅಂದರೆ ಪುಷ್ಯ ಮುಗಿಯುವುದರೊಳಗೆ ಮಗಳನ್ನು ಕರೆದಿರಬೇಕು. ವರ್ಷದಲ್ಲಿ ಎಲೆಗೆ ಅತ್ಯಂತ ಕೆಟ್ಟ ಕಾಲ ಅದೇ.

ಬೆಂಗಳೂರಿನ ಚಳಿ ಎಂದರೆ ಜನ ಸ್ವೆಟರಿನ ಮಾತಾಡುತ್ತಾರೆ. ಗಿಡ ಸಾಕಿದವರು ಗಾಳಿಯ ಮಾತಾಡುತ್ತಾರೆ. ಮಾಗಿಯ ಗಾಳಿ ಒಣಗಾಳಿ. ನಮ್ಮ ತುಟಿ ಒಡೆಯುವ ಗಾಳಿಯೇ ಎಲೆಯ ತುದಿಯನ್ನು ಸುಡುವುದು. ಜೊತೆಗೆ ಆ ವರ್ಷ ಓಣಿಯ ಜಾಗ ಕಾರಿಗೆ ಬೇಕಾಯಿತು. ಕುಂಡವನ್ನು ತಾರಸಿಗೆ ಒಯ್ದರೆ ಅಲ್ಲಿ ಗಾಳಿ ಇನ್ನೂ ಜೋರು. ಕೊನೆಗೆ ಓನರಮ್ಮ ಅದನ್ನು ತಮ್ಮ ಮಲಗುವ ಕೋಣೆಗೆ, ಕಿಟಕಿಯ ಪಕ್ಕಕ್ಕೆ ತರಿಸಿದರು. ಹಿತ್ತಾಳೆ ಚೊಂಬು ಬಚ್ಚಲಿಂದ ಕೋಣೆಯ ಹೊಸ್ತಿಲಿಗೆ ಓಡಾಡತೊಡಗಿತು. ಒಂದು ವಾರದೊಳಗೆ ಮೊದಲ ತುದಿ ಕಂದಿತು. ಆಮೇಲೆ ಅದರ ಪಕ್ಕದ್ದು.

ಸೊಸೆ ಹೆಚ್ಚು ನೀರು ಹಾಕಿ ಅಂದಳು. ಓನರಮ್ಮ ತಲೆಯಾಡಿಸಿದರು. "ಬೇರ್ಗೆ ನೀರು ಅಂದ್ರೆ ಊಟ ಕಣವ್ವ. ಎಲೆಗೆ ತೇವ ಅಂದ್ರೆ ಉಸ್ರು. ಉಸ್ರು ಕಟ್ದೋರಿಗೆ ಎರ್ಡ್ ಮುದ್ದೆ ಜಾಸ್ತಿ ಇಕ್ಕುದ್ರೆ ಆದಾತಾ?"

ನಾನು ಬಚ್ಚಲುಮನೆ ಸೂಚಿಸಿದೆ. ದಿನವೂ ನಾಲ್ವರು ಬಿಸಿನೀರು ಸ್ನಾನ ಮಾಡುವ ಮನೆಯಲ್ಲಿ ಅದಕ್ಕಿಂತ ತೇವದ ಜಾಗ ಇನ್ನೊಂದಿರಲಿಲ್ಲ.

"ಲಕ್ಷ್ಮೀನ ಕಕ್ಕಸ್ ಪಕ್ಕ ಕುಂಡ್ರುಸ್ತೀರಾ ಸಿಸ್ಟರಮ್ಮ? ನಿಮ್ ಆಸ್ಪತ್ರೆ ಬುದ್ಧಿ ಆಸ್ಪತ್ರೇಲೇ ಇರ್ಲಿ."

ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಅವರು ತಮ್ಮದೇ ದಾರಿ ಹಿಡಿದರು. ಗೋಣಿಚೀಲಗಳನ್ನು ನೆನೆಸಿ ಕುಂಡದ ಸುತ್ತ ಹರಡಿದರು. ಹಳೆಯ ಸೀರೆಗಳನ್ನು ನೀರಲ್ಲಿ ಅದ್ದಿ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಹಾಕಿದರು. ತೇವ ಆಚೆ ಹೋಗದಿರಲೆಂದು ಕಿಟಕಿ ಮುಚ್ಚಿದರು. ಆ ಕೋಣೆಯಲ್ಲೇ ಮಲಗಿದರು.

ಎಲೆಗೆ ಗುಣ ಕಂಡಿತು. ಅವರ ಎದೆಗೆ ಕಾಣಲಿಲ್ಲ. ಅವರಿಗೆ ಮೊದಲಿಂದಲೂ ಉಬ್ಬಸ. ಒಂದು ಬೆಳಿಗ್ಗೆ ನಾನು ಇಳಿದು ಬಂದಾಗ ಬಾಗಿಲ ಆಚೆಗೇ ಅವರ ಉಸಿರು ಕೇಳುತ್ತಿತ್ತು, ಸೀಳು ಬಿಟ್ಟ ಕೊಳಲಿನ ಹಾಗೆ. ಒಳಗೆ ಹೋದರೆ ಕೋಣೆ ತುಂಬ ಮುಗ್ಗಲು ವಾಸನೆ. ಮಂಚದ ಹಿಂದಿನ ಗೋಡೆಯಲ್ಲಿ ಬೂಷ್ಟು ಕಪ್ಪಗೆ ಹತ್ತಿತ್ತು. ಮಗ ಆಗಲೇ ಬಾಗಿಲಲ್ಲಿ ನಿಂತಿದ್ದ. ಅವನು ಕೆಟ್ಟವನಲ್ಲ. ಮದುವೆಗೆಂದು ಇಡೀ ಮನೆಗೆ ಬಣ್ಣ ಹೊಡೆಸಿದ್ದ.

"ನೋಡಿ ಸಿಸ್ಟರ್, ನೀವಾದ್ರೂ ಹೇಳಿ. ಮಾರ್ಕೆಟ್ಟಲ್ಲಿ ಕಟ್ಟುಗಟ್ಲೆ ಎಲೆ ಸಿಗುತ್ತೆ. ಅವಳಿಗೆ ನಾನು ಫೋನಲ್ಲಿ ಕಾರ್ಡೂ ಕಳ್ಸಿದೀನಿ."

"ಫೋನಲ್ಲಿ ಎಲೆ ಕಳ್ಸಕ್ಕಾಗ್ತದೇನ್ಲಾ?" ಅಂದರು ಓನರಮ್ಮ, ಉಸಿರಿನ ನಡುವೆ.

"ಕಾರ್ಡ್ ನೋಡಿದಾಳೆ. ಒಂದ್ ಮಾತಿಲ್ಲ."

"ಎಂಗ್ ಮಾತಾಡ್ತಾಳೆ? ಕಾಯ್ತಾವ್ಳೆ."

ಅವನು ಹೊರಟುಹೋದ. ನಾನು ಕಿಟಕಿ ತೆರೆದೆ. ಸೀರೆಗಳನ್ನು ಎಳೆದು ಬಕೆಟ್ಟಿಗೆ ತುಂಬಿದೆ. ಬಳ್ಳಿಗೆ ಬೇಕಾದ ಗಾಳಿ ನಿಮ್ಮ ಎದೆಗೆ ವಿಷ, ಇಬ್ಬರೂ ಒಂದೇ ಗಾಳಿ ಉಸಿರಾಡುವುದು ಇವತ್ತಿಗೆ ಮುಗಿಯಿತು ಎಂದೆ. ವಾರ್ಡಿನ ದನಿಯಲ್ಲೇ ಹೇಳಿದೆ. ಅವರು ವಾದಿಸಲಿಲ್ಲ. ಮೆಲ್ಲಗೆ, "ಎದೆ ಏಟೋ ಸಲ ಕೆಟ್ಟು ರಿಪೇರಿ ಆಗೈತೆ. ತುದಿ ಒಂದ್ಸಲ ಸುಟ್ರೆ ಸುಡ್ತು," ಅಂದರು.

ಆ ದಿನ ನನಗೆ ಮಕ್ಕಳ ವಾರ್ಡು ನೆನಪಾಯಿತು. ಗಂಟಲು ಕಟ್ಟಿದ ಮಕ್ಕಳಿಗೆ ನಾವು ಹಿಂದೆಲ್ಲ ಹಬೆಯ ಗುಡಾರ ಹಾಕುತ್ತಿದ್ದೆವು. ಇಡೀ ವಾರ್ಡನ್ನು ಯಾರೂ ತೇವ ಮಾಡುತ್ತಿರಲಿಲ್ಲ, ಒಂದು ತೊಟ್ಟಿಲನ್ನು ಮಾತ್ರ. ಹಾಗೆಯೇ ಮಾಡಿದೆವು. ಕುಂಡವನ್ನು ಅವರ ಕೋಣೆಯಿಂದ ತೆಗೆದು ಹಜಾರದ ಮೂಲೆಗೆ, ಬೆಳಕಿರುವ ಕಡೆಗೆ ಸರಿಸಿದೆವು. ಅಗಲವಾದ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ಕಲ್ಲು ಮುಳುಗದಷ್ಟು ನೀರು ಹಾಕಿ, ಅದರ ಮೇಲೆ ಕುಂಡ. ಬೇರು ನೀರಲ್ಲಿ ನಿಲ್ಲಬಾರದು, ನೀರಿನ ಆವಿ ಮಾತ್ರ ಎಲೆಗೆ ಏರಬೇಕು. ನಾಲ್ಕು ಕೋಲು ನೆಟ್ಟು, ಮದುವೆಯ ಹಾಸಿಗೆಗೆ ಸುತ್ತಿ ಬಂದಿದ್ದ ಪಾರದರ್ಶಕ ಪ್ಲಾಸ್ಟಿಕ್ಕನ್ನು ಮೇಲೆ ಹೊದಿಸಿದೆವು. ಗಾಳಿಯಾಡದಿದ್ದರೆ ಎಲೆ ಕೊಳೆಯುತ್ತದೆ. ಆದ್ದರಿಂದ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹೊದಿಕೆ ಎತ್ತುವುದು ನನ್ನ ಕೆಲಸ. ನಾನು ಕೆಲಸಕ್ಕೆ ತಪ್ಪುವವಳಲ್ಲವೆಂದು ಅವರಿಗೆ ಗೊತ್ತಿತ್ತು.

ಅವರು ಇನ್ನೊಂದು ಸೇರಿಸಿದರು. ತೋಟದ ಅಂಚಿನಲ್ಲಿ ಬಾಳೆ, ನಡುನಡುವೆ ಅಗಸೆ, ನುಗ್ಗೆ ಇರುತ್ತಿದ್ದವಂತೆ. ಗಾಳಿ ತಡೆಯಲು, ಬಳ್ಳಿಗೆ ಜೊತೆಯಾಗಲು. "ಒಂಟಿ ಎಂಗಸು ಒಣಗ್ದಂಗೆ ಒಂಟಿ ಗಿಡಾನೂ ಒಣಗ್ತದೆ," ಎಂದು ನನ್ನ ಮುಖ ನೋಡಿ ನಕ್ಕರು. ನಾನು ಮದುವೆಯಾಗದವಳು. ಆ ಚುಚ್ಚುಮಾತನ್ನು ನಾನು ಲೆಕ್ಕಕ್ಕೆ ಇಡಲಿಲ್ಲ. ಮೂರೂ ಅಂತಸ್ತಿನ ಮನಿಪ್ಲಾಂಟು, ಕ್ರೋಟನ್ನು, ಯಾರದೋ ಕೆಸುವಿನ ಕುಂಡ ಎಲ್ಲ ಬಂದು ಬಳ್ಳಿಯ ಸುತ್ತ ಕುಳಿತವು. ಅವುಗಳ ಉಸಿರೂ ಅದಕ್ಕೆ ಸೇರಲಿ ಎಂದು.

ಓನರಮ್ಮ ಸ್ಟೂಲಿನ ಮೇಲೆ ಕೂತು ಗುಡಾರವನ್ನು ನೋಡಿದರು. "ಬಳ್ಳಿಗೆ ಬಾಣಂತಿ ಕ್ವಾಣೆ ಮಾಡ್ಬುಟ್ರಲ್ಲ. ಇನ್ ಸಾಂಬ್ರಾಣಿ ಒಂದ್ ಆಕ್ಬುಡಿ."

ಆ ದಿನದಿಂದ ಅವರಿಗೆ ಬೆಳಗಿನ ಮಾತು ಒಂದೇ. ನಾನು ಕಾಲು ತೊಳೆದು, ಹೊದಿಕೆ ಎತ್ತಿ ನೋಡುವಾಗ ಹಾಸಿಗೆಯಿಂದಲೇ ಕೇಳುತ್ತಿದ್ದರು: "ತುದಿ ಎಂಗೈತೆ ಸಿಸ್ಟರಮ್ಮ?"

ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಹೇಳುತ್ತಿದ್ದೆ. ರೋಗಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಹಳೆಯ ಎಲೆಗಳು ಉದುರಿದವು. ಗುಡಾರದೊಳಗೆ ಬಿಟ್ಟ ಹೊಸ ಎಲೆಗಳು ಮಾತ್ರ ನಿಂತವು. ಪುಷ್ಯದ ಕೊನೆಗೆ ಕಂದದ, ಮುರಿಯದ ಎಲೆ ಐದು ಸಿಕ್ಕವು. ತಟ್ಟೆಗೆ ಬೇಕಾದದ್ದು ಅಷ್ಟೇ.

ಅವರು ಬೆಳಿಗ್ಗೆ ಸ್ನಾನ ಮಾಡಿ, ಆ ಉಗುರಿನಿಂದ ಒಂದೊಂದನ್ನೇ ಕಿತ್ತರು. ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿದರು. ಎದೆಯ ಸ್ಥಿತಿ ನೋಡಿದರೆ ಹೊರಗೆ ಹೋಗುವ ಹಾಗಿರಲಿಲ್ಲ. ಹೋಗಬೇಡಿ ಎಂದು ಹೇಳಿ ಪ್ರಯೋಜನವೂ ಇರಲಿಲ್ಲ. ಆಟೋ ಕರೆದು ನಾನೂ ಹತ್ತಿದೆ. ಅಲ್ಲಾಳಸಂದ್ರದವರೆಗೆ ಡಬ್ಬಿ ಅವರ ಮಡಿಲಲ್ಲೇ ಇತ್ತು. ಹಂಪು ಬಂದಾಗಲೆಲ್ಲ ಎರಡೂ ಕೈಯಲ್ಲಿ ಅದನ್ನು ಮೇಲೆತ್ತಿ ಹಿಡಿಯುತ್ತಿದ್ದರು.

ಮಗಳ ಮನೆ ಮೊದಲ ಮಹಡಿ. ಮೆಟ್ಟಿಲ ಮಧ್ಯೆ ನಿಂತು ನಿಂತು ಹತ್ತಿದೆವು. ಬಾಗಿಲು ತೆರೆದದ್ದು ಮಗಳೇ. ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಬಾ," ಅಂದಳು. ಕುರ್ಚಿ ಎಳೆದಳು. ನೀರು ತಂದಳು.

"ಮೊದ್ಲು ಇದನ್ನ ಇಸ್ಕೋ. ಆಮೇಲೆ ನೀರು," ಅಂದರು ತಾಯಿ. ಏದುಸಿರು ಬಿಡುತ್ತಿದ್ದರೂ ನೀರಿನ ಲೋಟ ಮುಟ್ಟಲಿಲ್ಲ.

"ಯಾವ ಅಂಗ್ಡೀದು?"

ತಾಯಿ ಡಬ್ಬಿ ತೆರೆದು, ಎಲೆಗಳನ್ನು ಅವಳದೇ ತಟ್ಟೆಗೆ ಜೋಡಿಸಿ, ಅಡಿಕೆ ಇಟ್ಟು, ಮುಂದೆ ಚಾಚಿದರು. ಮಗಳು ತುದಿಗಳನ್ನು ನೋಡಿದಳು. ಒಂದನ್ನು ತೆಗೆದು ತಿರುಗಿಸಿ, ತೊಟ್ಟನ್ನು ನೋಡಿದಳು. ಅಂಗಡಿಯ ಎಲೆಗೆ ತೊಟ್ಟನ್ನು ಕತ್ತಿಯಿಂದ ಕಟ್ಟುಗಟ್ಟಲೆ ನೇರ ಕೊಯ್ದಿರುತ್ತಾರೆ. ಇದಕ್ಕೆ ಒಂದು ಕಡೆಯಿಂದ ಉಗುರು ಬಾಗಿ ಕಚ್ಚಿದ ಗುರುತಿತ್ತು. ಅವಳ ಕಣ್ಣು ತೊಟ್ಟಿನಿಂದ ತಾಯಿಯ ಹೆಬ್ಬೆರಳಿಗೆ ಹೋಯಿತು.

"ಎಲ್ಲಿ ಮಡ್ಗಿದ್ದೆ ಇದ್ನ?"

"ನನ್ ಕ್ವಾಣೇಲಿ. ಆಮೇಲೆ ಅಜಾರ್ದಲ್ಲಿ. ಈ ಸಿಸ್ಟರಮ್ಮ ಗುಡಾರ ಆಕವ್ರೆ."

"ಈ ಚಳೀಲಿ ಕ್ವಾಣೆ ತೇವ ಮಾಡ್ಕೊಂಡ್ ಮಲಗಿದ್ಯಾ? ಆ ಎದೆ ಇಟ್ಕೊಂಡು?"

ತಾಯಿ ತಟ್ಟೆ ಇಳಿಸಲಿಲ್ಲ. ಮಗಳು ಸೆರಗೊಡ್ಡಿದಳು. ಎಲೆ ಸೆರಗಿಗೆ ಬಿದ್ದ ಮೇಲೆ ಹೇಳಿದಳು, "ಕಳ್ಸ ಇಡೀತೀನಿ. ಅಣ್ಣನ್ನ ಮಾತಾಡ್ಸು ಅಂತ ಮಾತ್ರ ಏಳ್ಬೇಡ."

"ಏಳಕಿಲ್ಲ," ಅಂದು ಓನರಮ್ಮ ನೀರು ಕುಡಿದರು.

ಮಗಳು ಮದುವೆಯ ಹಿಂದಿನ ದಿನ ಬಂದಳು. ಮನೆ ತುಂಬ ಜನ. ಯಾರೂ ಅವಳಿಗೆ ಏನೂ ಹೇಳಿಕೊಡಲಿಲ್ಲ. ಹಜಾರದ ಮೂಲೆಯ ಗುಡಾರ ಕಂಡದ್ದೇ, ಹಾಕಿದ ಹೆಜ್ಜೆ ಹಿಂದಕ್ಕೆ ತೆಗೆದು ಹೊರಗೆ ಹೋಗಿ, ನಲ್ಲಿಯಲ್ಲಿ ಕಾಲು ತೊಳೆದು, ಒದ್ದೆ ಕಾಲಲ್ಲೇ ಬಂದು ಬಳ್ಳಿಯ ಮುಂದೆ ಕುಳಿತಳು. ಅವಳ ಅಣ್ಣ ಕಾಫಿ ತಟ್ಟೆ ಹಿಡಿದು ಹೋಗುತ್ತಿದ್ದವನು ನಿಂತು ನೋಡಿದ. ನೆಲದ ಮೇಲಿನ ಒದ್ದೆ ಹೆಜ್ಜೆಗಳನ್ನು ದಾಟಿಕೊಂಡು ಆಚೆ ಹೋದ. ಮದುವೆಯಲ್ಲಿ ಅವಳು ಕಳಸ ಹಿಡಿದಳು. ಅಣ್ಣ ತಂಗಿ ಒಂದೇ ಚಪ್ಪರದಡಿ ಓಡಾಡಿದರು, ಮಾತಾಡಲಿಲ್ಲ. ತಾಯಿ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಹೇಳಲಿಲ್ಲ.

ಮದುವೆಯ ನಂತರ ಓನರಮ್ಮನ ಎದೆ ಸುಧಾರಿಸಲಿಲ್ಲ. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಮಗನೂ ಮಗಳೂ ಸರದಿಯ ಮೇಲೆ ಬಂದರು, ಒಬ್ಬರು ಬಂದಾಗ ಇನ್ನೊಬ್ಬರು ಹೊರಟರು. ನಾನು ಬೆಳಗಿನ ಹೊತ್ತು ಹೋಗಿ ಕೂರುತ್ತಿದ್ದೆ. ಮಾಸ್ಕ್ ಹಾಕಿದ ಬಾಯಲ್ಲಿ ಮಾತು ಬಹಳ ಇರುತ್ತಿರಲಿಲ್ಲ. ಒಂದು ದಿನ ನನ್ನ ಮಣಿಕಟ್ಟು ಹಿಡಿದರು. ಆ ಉಗುರು ಚರ್ಮಕ್ಕೆ ಒತ್ತಿತು.

"ತುದಿ ಎಂಗೈತೆ?"

"ಮಳೆ ಬಿತ್ತಲ್ಲ, ಗುಡಾರ ತೆಗೆದಿದ್ದೀನಿ. ಹೊಸ ಕುಡಿ ಬಂದಿದೆ," ಎಂದೆ. ಅದು ನಿಜವಾಗಿತ್ತು. ನಿಜವಲ್ಲದಿದ್ದರೆ ನಾನು ಏನು ಹೇಳುತ್ತಿದ್ದೆನೋ ತಿಳಿಯದು.

ಅವರು ಹೋದದ್ದು ಮುಂಗಾರು ಹಿಡಿಯುವ ಮೊದಲು. ಅವರಲ್ಲಿ, ಹೋದವರ ಬಾಯಿಗೆ ಎಲೆ ಅಡಿಕೆ ಕುಟ್ಟಿ ಇಡುವ ಪದ್ಧತಿ ಇದೆ. ಯಾರೋ ಅಂಗಡಿಗೆ ಓಡಲು ಹೊರಟರು. ಮಗಳು ಬೇಡವೆಂದು ಕೈಯಲ್ಲೇ ತಡೆದು, ಕಾಲು ತೊಳೆದು ಬಳ್ಳಿಯ ಹತ್ತಿರ ಹೋದಳು. ಅವಳಿಗೆ ಉಗುರಿಲ್ಲ. ತೊಟ್ಟು ಬಗ್ಗಿತೇ ವಿನಾ ಕಡಿಯಲಿಲ್ಲ. ಹಿಡಿದು ಜಗ್ಗಿದಾಗ ಬಳ್ಳಿಯ ಸಿಪ್ಪೆ ಸಮೇತ ಹರಿದು ಬಂತು. ಹಿಂತಿರುಗಿ ನೋಡಿದರೆ ಅಣ್ಣ ತಾಯಿಯ ಕುಟ್ಟಾಣಿ ಹಿಡಿದು ನಿಂತಿದ್ದ. ಅವನು ಕುಟ್ಟಾಣಿಯನ್ನು ನೆಲಕ್ಕೆ ಒತ್ತಿ ಹಿಡಿದ, ಅವಳು ಕುಟ್ಟಿದಳು. ಆಗಲೂ ಅವರು ಮಾತಾಡಲಿಲ್ಲ.

ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದಿದೆ. ಆ ಮಾಗಿಯ ತೇವವೇ ಅವರ ಎದೆಯನ್ನು ತೆಗೆದುಕೊಂಡಿತೋ, ಅಥವಾ ಅದು ಹೇಗೂ ಹೋಗುವ ಎದೆಯಾಗಿತ್ತೋ? ಡಾಕ್ಟರನ್ನು ಕೇಳಿದೆ. ವಯಸ್ಸಿನ ಮಾತಾಡಿದರು. ನಾನೂ ವಾರ್ಡಿನಲ್ಲಿ ಎಷ್ಟೋ ಮನೆಯವರಿಗೆ ಅದೇ ಉತ್ತರ ಕೊಟ್ಟವಳು. ಕೇಳುವವರ ಕಡೆಯಿಂದ ಅದು ಎಷ್ಟು ಪೊಳ್ಳಾಗಿ ಕೇಳಿಸುತ್ತದೆಂದು ಈಗ ತಿಳಿಯಿತು. ಓನರಮ್ಮನಿಗೆ ಆ ಐದು ಎಲೆಯ ಬೆಲೆ ಗೊತ್ತಿತ್ತು ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಮನೆ ಈಗ ಬೇರೆಯವರ ಕೈಗೆ ಹೋಗಿದೆ. ನಾನು ಸಂಜಯನಗರಕ್ಕೆ ಬಂದಿದ್ದೇನೆ. ಬಳ್ಳಿಯನ್ನು ಎರಡು ಮಾಡಿದೆವು. ಬೇರಿನ ಭಾಗ ಮಗಳಿಗೆ, ಕುಡಿ ನನಗೆ. ಅವಳ ಮನೆಯಲ್ಲಿ, ಹತ್ತಿರದ ಕೆರೆಯ ಗಾಳಿಗೆ ಅದು ಸುಖವಾಗಿದೆಯಂತೆ. ನನ್ನದು ನಾಲ್ಕನೆಯ ಮಹಡಿ, ಒಣ ಜಾಗ. ಬೆಣಚುಕಲ್ಲಿನ ತಟ್ಟೆ, ನಾಲ್ಕು ಕೋಲು, ಪ್ಲಾಸ್ಟಿಕ್ ಎಲ್ಲ ಮತ್ತೆ ಬಂದಿವೆ. ಸುತ್ತ ಐದಾರು ಕುಂಡಗಳನ್ನು ಜೊತೆಗಿಟ್ಟಿದ್ದೇನೆ. ಬೆಳಿಗ್ಗೆ ಎದ್ದು ಮೊದಲು ಕಾಲು ತೊಳೆಯುತ್ತೇನೆ, ಆಮೇಲೆ ಹೊದಿಕೆ ಎತ್ತುತ್ತೇನೆ.

ಮಾಗಿ ಶುರುವಾದ ಮೇಲೆ ಮಗಳು ಫೋನ್ ಮಾಡುತ್ತಾಳೆ. ಕ್ಷೇಮ ಸಮಾಚಾರ ಆಮೇಲೆ. ಮೊದಲು ಕೇಳುವುದು, "ತುದಿ ಎಂಗೈತೆ ಸಿಸ್ಟರಮ್ಮ?" ಕಂದಿದ್ದರೆ ಕಂದಿದೆ ಎನ್ನುತ್ತೇನೆ. ಮೊನ್ನೆ ಕೇಳಿದಾಗ ಮೂರು ಎಲೆ ಚೆನ್ನಾಗಿವೆ ಎಂದೆ. "ಐದಾಗ್ಲಿ. ಅಣ್ಣನ್ ಮನೆಗೆ ಓಗ್ಬೇಕು," ಅಂದಳು. ತನ್ನ ಬಳ್ಳಿಯಲ್ಲಿ ಅಷ್ಟೊಂದು ಎಲೆ ಇರುವಾಗ ನನ್ನದನ್ನು ಯಾಕೆ ಕೇಳಿದಳು ಎಂದು ಫೋನ್ ಇಟ್ಟ ಮೇಲೆ ಯೋಚಿಸಿದೆ. ತನಗೆ ಉಗುರು ನಿಲ್ಲುವುದಿಲ್ಲ, ಎಲೆ ಹರಿದೇ ಬರುತ್ತದೆ ಎಂದು ಹಿಂದೊಮ್ಮೆ ಹೇಳಿಕೊಂಡಿದ್ದಳು.

ನಾನು ಭಾನುವಾರ ಉಗುರು ಕತ್ತರಿಸುವವಳು. ಕೆಲಸಕ್ಕೆ ಸೇರಿದಂದಿನಿಂದ ಒಂದು ಭಾನುವಾರವೂ ತಪ್ಪಿಸಿದವಳಲ್ಲ, ಈಗಲೂ ತಪ್ಪಿಸುವುದಿಲ್ಲ. ಬಲಗೈ ಹೆಬ್ಬೆರಳನ್ನು ಮಾತ್ರ ಬಿಟ್ಟಿದ್ದೇನೆ.